ಹೇಳಿಕೊಳ್ಳಲಾಗದ ತುರಿಕೆ: ವ್ಯಸನಮುಕ್ತಿಯ ಹೊರರೋಗಿ ಚಿಕಿತ್ಸೆಯಲ್ಲಿ ಗುಪ್ತಾಂಗದ ಹೇನಿನ ಅರಿವು

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)



ನಮ್ಮ ಸಾಮಾನ್ಯ ಸಭೆಗಳಲ್ಲಿ ಆರೋಗ್ಯದ ವಿಷಯ ಬಂದಾಗ ಡೆಂಗಿ, ಕುಡಿಯುವ ನೀರಿನ ಪರೀಕ್ಷೆ, ಮಕ್ಕಳ ಅಪೌಷ್ಟಿಕತೆ ಮೊದಲಾದವು ಚರ್ಚೆಯಾಗುತ್ತವೆ. ಮದ್ಯವ್ಯಸನದ ಪ್ರಸ್ತಾಪ ಗ್ರಾಮಸಭೆಗಳಲ್ಲಿ ಬರುವುದು ಬಹುಮಟ್ಟಿಗೆ ಮಹಿಳೆಯರಿಂದ, ಅದೂ ಅಕ್ರಮ ಮಾರಾಟದ ದೂರಿನ ರೂಪದಲ್ಲಿ. ಆದರೆ ಕುಡಿತ ಬಿಡಲು ಒಪ್ಪಿ ಚಿಕಿತ್ಸೆಗೆ ಹೋಗತೊಡಗಿದ ವ್ಯಕ್ತಿ ಎರಡನೆಯ ಭೇಟಿಗೋ ಮೂರನೆಯ ಭೇಟಿಗೋ ಹೋಗದೆ ನಿಂತುಬಿಟ್ಟರೆ ಅದಕ್ಕೆ ಕಾರಣವೇನೆಂದು ಯಾರೂ ಕೇಳುವುದಿಲ್ಲ. ಮತ್ತೆ ಕುಡಿಯತೊಡಗಿರಬೇಕು ಎಂದು ತೀರ್ಮಾನಿಸಿ ಬಿಟ್ಟುಬಿಡುತ್ತೇವೆ. ಕಾರಣ ಕೆಲವೊಮ್ಮೆ ಕುಡಿತವಲ್ಲ, ಹೇಳಿಕೊಳ್ಳಲು ನಾಚಿಕೆಯಾಗುವ ಇನ್ನೊಂದು ದೇಹಬಾಧೆ. ಅಂಥ ಬಾಧೆಗಳಲ್ಲಿ ಅತ್ಯಂತ ಚಿಕ್ಕದನ್ನು, ಎರಡು ಮಿಲಿಮೀಟರಿಗೂ ಮೀರದ ಒಂದು ಕೀಟವನ್ನು, ಈ ಪಾಠಕ್ಕೆ ಆಯ್ದುಕೊಳ್ಳಲಾಗಿದೆ.

ಈ ಲೇಖಕನ ಓದು ಎಂಜಿನಿಯರಿಂಗ್, ವೈದ್ಯಕೀಯವಲ್ಲ. ಆದ್ದರಿಂದ ಇಲ್ಲಿ ಬರುವ ಔಷಧಿಗಳ ಹೆಸರುಗಳು ಸದಸ್ಯರ ತಿಳಿವಳಿಕೆಗಾಗಿ ಮಾತ್ರ. ಯಾರಿಗೆ ಯಾವುದನ್ನು ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಮೂರು ಬಗೆಯ ಹೇನುಗಳು

ಮನುಷ್ಯನ ಮೇಲೆ ಬದುಕುವ ಹೇನು ಮೂರು ಬಗೆಯದು. ತಲೆಯ ಹೇನನ್ನು ಎಲ್ಲರೂ ಬಲ್ಲರು. ಬಟ್ಟೆಯ ಹೊಲಿಗೆಗಳಲ್ಲಿ ಅಡಗಿದ್ದು ಮೈಗೆ ಬಂದು ರಕ್ತ ಹೀರುವುದನ್ನು ಹಿರಿಯರು ಕೂರೆ ಎಂದು ಕರೆಯುತ್ತಾರೆ. ಮೂರನೆಯದು ಗುಪ್ತಾಂಗದ ರೋಮಗಳಲ್ಲಿ ನೆಲೆಸುವ ಹೇನು. ಇದು ಉಳಿದೆರಡರಂತೆ ಉದ್ದವಾಗಿರದೆ ಅಗಲವಾಗಿ, ನಮ್ಮ ಗದ್ದೆಯ ಏಡಿಯ ಆಕಾರದಲ್ಲಿರುತ್ತದೆ. ಹಿಂಬದಿಯ ಕಾಲುಗಳ ತುದಿಯಲ್ಲಿ ದಪ್ಪನೆಯ ಕೊಕ್ಕೆಗಳಿದ್ದು, ಒರಟಾದ, ಅಂತರವಿಟ್ಟು ಬೆಳೆದ ರೋಮಗಳನ್ನು ಹಿಡಿದುಕೊಳ್ಳಲು ಅವು ಹೊಂದಿಕೊಂಡಿವೆ. ಆದ್ದರಿಂದಲೇ ಇದು ತಲೆಗೂದಲಿನಲ್ಲಿ ಅಪರೂಪ. ಕಂಕುಳು, ಎದೆ, ಗಡ್ಡ, ಹುಬ್ಬು ಮತ್ತು ಕಣ್ಣಿನ ರೆಪ್ಪೆಗಳಲ್ಲಿ ಕಾಣಿಸಿಕೊಳ್ಳಬಹುದು.

ಹರಡುವಿಕೆ ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ಹಾಸಿಗೆ, ಹೊದಿಕೆ, ಟವೆಲ್ ಹಂಚಿಕೊಳ್ಳುವುದರಿಂದಲೂ ಕೆಲವೊಮ್ಮೆ ಬರುವುದುಂಟು. ಮನುಷ್ಯನ ಮೈಬಿಟ್ಟರೆ ಈ ಕೀಟ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಅದರ ಕಾಲುಗಳು ನುಣುಪಾದ ಮೇಲ್ಮೈಯಲ್ಲಿ ಹಿಡಿತ ಪಡೆಯಲಾರವು. ಹೀಗಾಗಿ ಸಾರ್ವಜನಿಕ ಶೌಚಾಲಯದಿಂದ ಬಂತೆಂಬ ಮಾತು ಸಾಮಾನ್ಯವಾಗಿ ನಿಜವಲ್ಲ. ಸಮುದಾಯ ಶೌಚಾಲಯ ಕಟ್ಟಿಸಿದ ಪಂಚಾಯತಿಗಳ ಮೇಲೆ ಈ ಆರೋಪ ಬಂದರೆ ಉತ್ತರಿಸಲು ಇಷ್ಟು ಸಾಕು. ನಾಯಿ, ದನ, ಕುರಿಗಳಿಂದಲೂ ಇದು ಬರುವುದಿಲ್ಲ.

ಸಮಾಧಾನದ ಒಂದು ಸಂಗತಿ: ಕೂರೆಯು ಟೈಫಸ್‌ನಂತಹ ಜ್ವರಗಳನ್ನು ಹರಡಬಲ್ಲದು, ಗುಪ್ತಾಂಗದ ಹೇನು ಯಾವುದೇ ರೋಗವನ್ನು ಹರಡುವುದಾಗಿ ತಿಳಿದುಬಂದಿಲ್ಲ. ಎಚ್‌ಐವಿ ಇದರ ಕಡಿತದಿಂದ ಬರುವುದಿಲ್ಲ. ಆದರೆ ಹೇನು ಬಂದ ದಾರಿಯಲ್ಲೇ ಬೇರೆ ಸೋಂಕುಗಳೂ ಬಂದಿರಬಹುದು. ಆದ್ದರಿಂದ ಹೇನು ಕಂಡಾಗ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳನ್ನೂ ಮಾಡಿಸಿಕೊಳ್ಳಲು ವೈದ್ಯರು ಹೇಳುತ್ತಾರೆ. ಇನ್ನೊಂದನ್ನು ಬಿಚ್ಚಿ ಹೇಳಬೇಕು. ಕಾಂಡೋಮ್ ಎಚ್‌ಐವಿಯಿಂದ ರಕ್ಷಿಸುತ್ತದೆ, ಹೇನಿನಿಂದ ರಕ್ಷಿಸುವುದಿಲ್ಲ. ರೋಮವಿರುವ ಭಾಗವನ್ನು ಅದು ಮುಚ್ಚುವುದಿಲ್ಲವಷ್ಟೆ. ಕಾಂಡೋಮ್ ಬಳಸಿಯೂ ಹೇನು ಬಂತೆಂದು ಅದರ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುವವರಿಗೆ ಈ ವ್ಯತ್ಯಾಸ ತಿಳಿದಿರಬೇಕು.

ವ್ಯಸನ ಚಿಕಿತ್ಸೆಗೂ ಇದಕ್ಕೂ ಏನು ಸಂಬಂಧ

ಕುಡಿತದಿಂದ ಹೇನು ಹುಟ್ಟುವುದಿಲ್ಲ. ಸ್ವಚ್ಛತೆಯಿಲ್ಲದವರಿಗೆ ಮಾತ್ರ ಬರುತ್ತದೆಂಬುದೂ ಸರಿಯಲ್ಲ. ದಿನಕ್ಕೆರಡು ಬಾರಿ ಸ್ನಾನ ಮಾಡುವವರಿಗೂ ಬರುತ್ತದೆ. ಆದರೆ ಅಮಲಿನಲ್ಲಿ ಎಚ್ಚರ ತಪ್ಪುವುದು, ಊರು ಬಿಟ್ಟು ಕೆಲಸಕ್ಕೆ ಹೋದಲ್ಲಿ ಹತ್ತಾರು ಮಂದಿ ಒಂದೇ ಹಾಸು ಹೊದಿಕೆಯಲ್ಲಿ ಮಲಗುವುದು, ತುರಿಕೆಯನ್ನು ವಾರಗಟ್ಟಲೆ ಕಡೆಗಣಿಸುವುದು ಇವೆಲ್ಲ ವ್ಯಸನದ ಜೊತೆಗೆ ಸಾಗುವ ಸಂಗತಿಗಳು. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರು ತಮ್ಮಲ್ಲಿಗೆ ಬರುವ ರೋಗಿಗಳ ಲೈಂಗಿಕ ಅಪಾಯಗಳ ಬಗ್ಗೆ ಅಧ್ಯಯನ ನಡೆಸಿ, ಮದ್ಯಪಾನಕ್ಕೂ ಅಸುರಕ್ಷಿತ ಸಂಪರ್ಕಕ್ಕೂ ಇರುವ ನಂಟನ್ನು ಎರಡು ದಶಕಗಳ ಹಿಂದೆಯೇ ದಾಖಲಿಸಿದ್ದಾರೆ. ಹಾಗಿದ್ದೂ ವ್ಯಸನದ ಚಿಕಿತ್ಸೆಯಲ್ಲಿ ಎಷ್ಟು ಕುಡಿಯುತ್ತೀರಿ, ಯಾವಾಗಿನಿಂದ ಎಂಬ ಪ್ರಶ್ನೆಗಳಷ್ಟು ಸಹಜವಾಗಿ ಲೈಂಗಿಕ ಆರೋಗ್ಯದ ಪ್ರಶ್ನೆ ಕೇಳಿಬರುವುದಿಲ್ಲ.

ಈ ಎರಡು ವಿಷಯಗಳು ಸೇರುವ ಎರಡು ಜಾಗಗಳಿವೆ. ಪಾಠದ ಮುಖ್ಯ ಭಾಗ ಇದೇ ಆದ್ದರಿಂದ ಸದಸ್ಯರು ಸಾವಧಾನವಾಗಿ ಓದಬೇಕೆಂದು ಕೋರಿಕೆ.

ಮೊದಲನೆಯದು, ಮೈಮೇಲೆ ಹುಳು ಹರಿಯುತ್ತಿದೆ ಎಂಬ ಮಾತು. ಬಹುಕಾಲದಿಂದ ವಿಪರೀತ ಕುಡಿಯುತ್ತಿದ್ದವರು ಹಠಾತ್ತನೆ ನಿಲ್ಲಿಸಿದಾಗ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಲ್ಲಿ ಡಿಲೀರಿಯಂ ಟ್ರೆಮೆನ್ಸ್ ಎಂಬ ಗಂಭೀರ ಸ್ಥಿತಿ ಕಾಣಿಸುತ್ತದೆ. ದಿಕ್ಕು ತಪ್ಪಿದ ಮಾತು, ಗೋಡೆಯ ಮೇಲೆ ಇಲ್ಲದ್ದನ್ನು ಕಾಣುವುದು, ಚರ್ಮದ ಮೇಲೆ ಇರುವೆ, ಹುಳು ಹರಿದಂತಾಗುವುದು ಅದರ ಗುರುತುಗಳು. ಚಿಕಿತ್ಸೆ ದೊರೆಯದಿದ್ದರೆ ಪ್ರಾಣಾಪಾಯವಿದೆ. ಇದನ್ನು ಬಲ್ಲ ಸಿಬ್ಬಂದಿ, ಹುಳು ಎಂದ ಕೂಡಲೇ ಭ್ರಮೆ ಎಂದು ಬರೆದುಕೊಳ್ಳಬಹುದು. ಆದರೆ ಆತನ ಮೈಮೇಲೆ ನಿಜವಾಗಿಯೂ ಹೇನಿರಬಹುದಲ್ಲವೇ? ಇದರ ತಿರುವುಮುರುವೂ ಆಗುತ್ತದೆ. ಮನೆಯವರು ಹೇನೋ ಕಜ್ಜಿಯೋ ಇರಬೇಕೆಂದು ಬೇವಿನ ಸೊಪ್ಪಿನ ನೀರು ಹುಯ್ಯುತ್ತಾ ಕುಳಿತಿರುವಾಗ ರೋಗಿ ಸನ್ನಿಯತ್ತ ಜಾರುತ್ತಿರುತ್ತಾನೆ.

ಇವೆರಡನ್ನು ಬೇರ್ಪಡಿಸುವ ಉಪಾಯ ಒಂದೇ, ಕಣ್ಣಿನಿಂದ ನೋಡುವುದು. ಗುಪ್ತಾಂಗದ ಹೇನು ಬರಿಗಣ್ಣಿಗೆ ಕಾಣುತ್ತದೆ, ಭೂತಗನ್ನಡಿ ಇದ್ದರೆ ಇನ್ನೂ ಸ್ಪಷ್ಟ. ರೋಮದ ಬುಡದಲ್ಲಿ ಅಂಟಿದ ಸೀರು, ಒಳ ಉಡುಪಿನ ಮೇಲೆ ತುಕ್ಕಿನ ಬಣ್ಣದ ಸಣ್ಣ ಕಲೆ, ತೊಡೆ ಅಥವಾ ಕೆಳಹೊಟ್ಟೆಯ ಮೇಲೆ ಮಾಸಲು ನೀಲಿಯ ಚುಕ್ಕೆ ಇದ್ದರೆ ಅದು ಭ್ರಮೆಯಲ್ಲ. ಇವು ಯಾವುವೂ ಇಲ್ಲದೆ ಕೈನಡುಕ, ಗೊಂದಲ ಇದ್ದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಎರಡೂ ಒಟ್ಟಿಗೆ ಇರುವುದೂ ಸಾಧ್ಯ. ಹಾಗಿದ್ದಲ್ಲಿ ಹೇನು ಕಾಯಬಹುದು, ಸನ್ನಿ ಕಾಯುವುದಿಲ್ಲ.

ಎರಡನೆಯದು ಔಷಧಿಯ ವಿಷಯ. ಐವತ್ತು ದಾಟಿದ ಸದಸ್ಯರಿಗೆ ಬಿ.ಎಚ್.ಸಿ. ಪುಡಿ ನೆನಪಿರಬಹುದು. ಬೆಳೆಗೆಂದು ತಂದ ಪುಡಿಯನ್ನು ತಲೆಗೆ, ಹಾಸಿಗೆಗೆ ಉದುರಿಸಿಕೊಂಡ ಕಾಲವೊಂದಿತ್ತು. ಆ ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಅದರಲ್ಲಿನ ಕೀಟನಾಶಕ ಅಂಶವನ್ನೇ ಶುದ್ಧೀಕರಿಸಿದ್ದು ಲಿಂಡೇನ್, ಅಂದರೆ ಗಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್. ಸ್ಟಾಕ್‌ಹೋಮ್ ಒಡಂಬಡಿಕೆ 2009ರಲ್ಲಿ ಇದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿತು. ಕೀಟನಾಶಕವಾಗಿ ಇದರ ತಯಾರಿಕೆಯನ್ನು ಭಾರತ 2011ರಲ್ಲಿ, ಬಳಕೆಯನ್ನು 2013ರಿಂದ ನಿಲ್ಲಿಸಿತು. ಹೊಲಕ್ಕೆ ಬೇಡವಾದ ವಸ್ತು ಕಜ್ಜಿ ಮತ್ತು ಹೇನಿನ ಲೋಷನ್ ರೂಪದಲ್ಲಿ ಮಾತ್ರ ಔಷಧಿ ಅಂಗಡಿಯಲ್ಲಿ ಉಳಿದುಕೊಂಡಿತು.

ಈ ಲೋಷನ್ ಚರ್ಮದ ಮೂಲಕ ದೇಹ ಸೇರಿ ನರಮಂಡಲವನ್ನು ಕೆರಳಿಸಬಲ್ಲದು. ಹೆಚ್ಚಾದರೆ ಫಿಟ್ಸ್ ಬರಿಸಬಲ್ಲದು. ವಿಪರೀತ ಕುಡಿಯುವವರಲ್ಲಿ, ಮದ್ಯವನ್ನು ಅಥವಾ ನಿದ್ರೆಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದವರಲ್ಲಿ, ಯಕೃತ್ತು ತೀವ್ರವಾಗಿ ಹಾಳಾದವರಲ್ಲಿ, ತಲೆಗೆ ಪೆಟ್ಟು ಬಿದ್ದವರಲ್ಲಿ ಮತ್ತು ಹಿಂದೆ ಫಿಟ್ಸ್ ಬಂದವರಲ್ಲಿ ಈ ಅಪಾಯ ಹೆಚ್ಚೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯ ಎಚ್ಚರಿಕೆ ಇದೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ವ್ಯಸನ ಚಿಕಿತ್ಸೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರ ವರ್ಣನೆಯಂತೆಯೇ ಅದು ಇದೆ. ಕುಡಿತ ಬಿಟ್ಟು ಎರಡನೆಯ ದಿನ, ನಾಚಿಕೆಯಿಂದ ವೈದ್ಯರಿಗೆ ಹೇಳದೆ, ಅಂಗಡಿಯಿಂದ ಇಂಥ ಲೋಷನ್ ತಂದು ಮೈತುಂಬ ಬಳಿದುಕೊಂಡವನ ಸ್ಥಿತಿಯನ್ನು ಊಹಿಸಬಹುದು. ಲೈಂಗಿಕ ಆರೋಗ್ಯ ಶಿಕ್ಷಣ ವ್ಯಸನ ಚಿಕಿತ್ಸೆಯ ಒಳಗೇ ಇರಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಇದಕ್ಕೆ ಸೇರಿಸಿ ಇನ್ನೊಂದು ಮಾತು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುವವರು ಆಲ್ಕೋಹಾಲ್ ಬೆರೆತ ಹಚ್ಚುವ ಔಷಧಿಗಳ ಬಗ್ಗೆಯೂ ಎಚ್ಚರದಿಂದಿರಬೇಕು. ಕಜ್ಜಿಗೆ ಬಳಸುತ್ತಿದ್ದ ಮಾನೊಸಲ್ಫಿರಾಮ್ ಸಾಬೂನು ಅದೇ ಜಾತಿಯ ರಾಸಾಯನಿಕ. ಬಳಸಿದ ಮೇಲೆ ಕುಡಿದರೆ ಮುಖ ಕೆಂಪೇರಿ ಎದೆಬಡಿತ ಏರಬಹುದು. ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಔಷಧಿ, ಫಿನಾಯಿಲ್ ಇವುಗಳನ್ನು ಹಚ್ಚಿ ಚರ್ಮ ಸುಟ್ಟುಕೊಳ್ಳುವುದಂತೂ ಬೇಡವೇ ಬೇಡ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟಿರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ನಾಲ್ಕು ದಿನ ಅಡಗಿಸುತ್ತದೆ, ಹೇನನ್ನು ಕೊಲ್ಲುವುದಿಲ್ಲ.

ಸರಿಯಾದ ಚಿಕಿತ್ಸೆ ಮತ್ತು ಅದರ ಲೆಕ್ಕ

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿಯಲ್ಲಿರುವ ಔಷಧಿ ಶೇ. 1ರ ಪರ್ಮೆಥ್ರಿನ್. ಬಾಧಿತ ಭಾಗಕ್ಕೆ ಹಚ್ಚಿ ಹತ್ತು ನಿಮಿಷದ ಬಳಿಕ ತೊಳೆಯಬೇಕು. ಕಜ್ಜಿಗೆ ಕೊಡುವ ಪರ್ಮೆಥ್ರಿನ್ ಶೇ. 5ರದು, ಅದನ್ನು ಹಚ್ಚುವ ಕ್ರಮವೇ ಬೇರೆ. ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು. ಒಂದೇ ಬಾರಿ ಹಚ್ಚಿ ಕೈಬಿಡುವುದರಿಂದಲೇ ಬಹಳ ಮಂದಿಗೆ ಮರಳಿ ಬರುತ್ತದೆ. ಇದರ ಹಿಂದಿನ ಲೆಕ್ಕ ಸರಳ. ಔಷಧಿ ಹೇನನ್ನು ಕೊಲ್ಲುತ್ತದೆ, ಸೀರನ್ನು ಪೂರ್ತಿ ಕೊಲ್ಲುವುದಿಲ್ಲ. ಸೀರು ಒಡೆದು ಮರಿ ಹೊರಬರಲು 6ರಿಂದ 10 ದಿನ ಬೇಕು. ಮರಿ ಬೆಳೆದು ಮೊಟ್ಟೆಯಿಡುವಂತಾಗಲು ಮತ್ತೆ ಎರಡು ಮೂರು ವಾರ. ಅಂದರೆ ಮೊದಲ ದಿನ ಉಳಿದ ಸೀರುಗಳು ಬಹುತೇಕ ಒಡೆದಿರುವ, ಆದರೆ ಯಾವ ಮರಿಯೂ ಇನ್ನೂ ಮೊಟ್ಟೆಯಿಡದಿರುವ ಅವಧಿಯೊಂದಿದೆ. ಒಂದು ವಾರದಿಂದ ಹತ್ತು ದಿನದೊಳಗೆ ಮತ್ತೆ ಪರೀಕ್ಷಿಸಿ, ಅಗತ್ಯವಿದ್ದರೆ ಎರಡನೆಯ ಬಾರಿ ಹಚ್ಚಲು ವೈದ್ಯರು ಹೇಳುವುದು ಇದಕ್ಕಾಗಿ. ಕಾಂಕ್ರೀಟ್ ಹಾಕಿದ ಮರುದಿನ ಗಟ್ಟಿಯಾಯಿತೆಂದು ನೀರುಣಿಸುವುದನ್ನು ನಿಲ್ಲಿಸುವ ಗುತ್ತಿಗೆದಾರರನ್ನು ನಾವೆಲ್ಲ ನೋಡಿದ್ದೇವೆ. ತುರಿಕೆ ನಿಂತಿತೆಂದು ಎರಡನೆಯ ಭೇಟಿ ಬಿಡುವುದೂ ಅದೇ ಬಗೆಯದು.

ಹೊರರೋಗಿ ಚಿಕಿತ್ಸೆಯ ಅನುಕೂಲವೂ ಇಲ್ಲೇ ಇದೆ. ವ್ಯಸನದ ಚಿಕಿತ್ಸೆಗೆ ಹೇಗೂ ಮೊದಲ ವಾರಗಳಲ್ಲಿ ಪದೇ ಪದೇ ಬರಬೇಕು. ಅದೇ ಭೇಟಿಯಲ್ಲಿ ಹೇನಿನ ಮರುಪರೀಕ್ಷೆಯೂ ಆಗಿಬಿಡುತ್ತದೆ, ಒಂದು ದಿನದ ಕೂಲಿ ಹೆಚ್ಚಿಗೆ ಹೋಗುವುದಿಲ್ಲ.

ಕಳೆದ ಎರಡು ಮೂರು ದಿನಗಳಲ್ಲಿ ಬಳಸಿದ ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಒಗೆಯಲಾಗದ ಕಂಬಳಿಯಂಥವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಇಟ್ಟರಾಯಿತು. ರೋಮ ಬೋಳಿಸುವುದು ಕಡ್ಡಾಯವಲ್ಲ. ಮನೆಗೆ, ಬೀದಿಗೆ ಔಷಧಿ ಸಿಂಪಡಿಸುವ ಅಗತ್ಯ ಇಲ್ಲವೇ ಇಲ್ಲ; ಯಾರಾದರೂ ಫಾಗಿಂಗ್ ಯಂತ್ರ ಕೇಳಿದರೆ ಪಂಚಾಯತಿ ಕೊಡಬೇಕಿಲ್ಲ, ಕೊಟ್ಟರೆ ಆ ಮನೆ ಯಾವುದೆಂದು ಊರಿಗೇ ಸಾರಿದಂತಾಗುತ್ತದೆ. ಗರ್ಭಿಣಿಯರಿದ್ದರೆ ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಕಣ್ಣಿನ ರೆಪ್ಪೆಗೆ ಪರ್ಮೆಥ್ರಿನ್ ಹಚ್ಚುವಂತಿಲ್ಲ. ಅದಕ್ಕೆ ಕಣ್ಣಿಗೆಂದೇ ತಯಾರಾದ ಪೆಟ್ರೋಲಿಯಂ ಜೆಲ್ಲಿಯನ್ನು ವೈದ್ಯರು ಹೇಳಿದಷ್ಟು ದಿನ ಬಳಸಬೇಕು.

ಹೆಂಡತಿ, ಮಕ್ಕಳು ಮತ್ತು ಪಂಚಾಯಿತಿಕಟ್ಟೆ

ಚಿಕಿತ್ಸೆ ಸಂಗಾತಿಗೂ ಏಕಕಾಲಕ್ಕೆ ಆಗಬೇಕು. ಇಲ್ಲವಾದರೆ ಹೇನು ಒಬ್ಬರಿಂದ ಇನ್ನೊಬ್ಬರಿಗೆ ಹೋಗಿ ಬರುತ್ತಲೇ ಇರುತ್ತದೆ. ಹೇಳುವುದು ಸುಲಭ, ಮನೆಯೊಳಗೆ ಇದು ಕಠಿಣ. ಗಂಡ ಹೊರಗಿನಿಂದ ತಂದದ್ದಕ್ಕೆ ಹೆಂಡತಿಯ ನಡತೆಯ ಮೇಲೆ ಅನುಮಾನ ಬರುವುದು, ಆ ಅನುಮಾನ ಕುಡಿದ ರಾತ್ರಿ ಹೊಡೆತವಾಗುವುದು ಹಳ್ಳಿಯ ನ್ಯಾಯ ಪಂಚಾಯಿತಿಗಳಲ್ಲಿ ಕುಳಿತವರಿಗೆ ಹೊಸ ಸುದ್ದಿಯಲ್ಲ. ಮೊದಲ ಬಾರಿ ಬಂದಾಗ ತುರಿಕೆ ಶುರುವಾಗಲು ಹಲವು ವಾರಗಳೇ ಹಿಡಿಯಬಹುದು. ಆದ್ದರಿಂದ ಮೊದಲು ಯಾರಿಗೆ ತುರಿಸಿತೋ ಅವರೇ ತಂದವರು ಎಂಬ ತರ್ಕಕ್ಕೆ ಆಧಾರವಿಲ್ಲ. ಯಾರಿಂದ ಬಂತೆಂಬ ವಿಚಾರಣೆಯನ್ನು ಯಾವ ಸದಸ್ಯರೂ ಕೈಗೆತ್ತಿಕೊಳ್ಳಬಾರದೆಂಬುದು ಈ ಲೇಖಕನ ಸ್ಪಷ್ಟ ಅಭಿಪ್ರಾಯ. ಹೊಡೆತದ ವಿಚಾರ ಬಂದರೆ ಅದು ಕೌಟುಂಬಿಕ ದೌರ್ಜನ್ಯ, ಅದಕ್ಕೆ ಬೇರೆಯೇ ಕಾನೂನಿದೆ.

ಮಗುವಿನ ರೆಪ್ಪೆಯಲ್ಲಿ ಈ ಹೇನು ಕಂಡಾಗ ಮಾತ್ರ ವಿಶೇಷ ಎಚ್ಚರ ಬೇಕು. ಸೋಂಕಿರುವ ತಂದೆತಾಯಿಯ ಹಾಸಿಗೆಯಲ್ಲಿ ಮಲಗಿದ್ದರಿಂದ ಬಂದಿರಬಹುದು. ಲೈಂಗಿಕ ದೌರ್ಜನ್ಯದ ಸುಳಿವೂ ಆಗಿರಬಹುದು. ಯಾವುದೆಂದು ನಿರ್ಧರಿಸುವುದು ವೈದ್ಯರ ಕೆಲಸ. ದೌರ್ಜನ್ಯದ ಶಂಕೆ ಇದ್ದಲ್ಲಿ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ಊರಲ್ಲೇ ರಾಜಿ ಮಾಡಿಸುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098. ಮಗುವನ್ನು ಪದೇ ಪದೇ ಪ್ರಶ್ನಿಸುವುದು, ಬೆದರಿಸುವುದು, ಶಾಲೆಯಿಂದ ಬಿಡಿಸುವುದು ಸಲ್ಲದು.

ಗುಟ್ಟು ಕಾಯುವುದೂ ಕಾನೂನೇ

2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಚಿಕಿತ್ಸೆ ಪಡೆಯುವವರ ಮಾನಸಿಕ ಆರೋಗ್ಯದ ವಿವರ ಮಾತ್ರವಲ್ಲ, ದೈಹಿಕ ಚಿಕಿತ್ಸೆಯ ವಿವರವೂ ಗೋಪ್ಯವಾಗಿರಬೇಕೆಂಬ ಹಕ್ಕನ್ನು ಅದರ 23ನೆಯ ಕಲಂ ನೀಡುತ್ತದೆ. ಎಚ್‌ಐವಿ ಕುರಿತು ಪ್ರತ್ಯೇಕ ಕಾಯ್ದೆಯೇ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಗ್ರಾಮಸಭೆಯಲ್ಲಾಗಲಿ, ನಡಾವಳಿ ಪುಸ್ತಕದಲ್ಲಾಗಲಿ, ವಾಟ್ಸ್ಆ್ಯಪ್ ಗುಂಪಿನಲ್ಲಾಗಲಿ ಯಾವ ಫಲಾನುಭವಿಯ ಹೆಸರೂ ಕಾಯಿಲೆಯೊಡನೆ ಬರಬಾರದು. ಆಸ್ಪತ್ರೆಗೆ ಕರೆದೊಯ್ದ ಫೋಟೊ ಹಾಕುವ ಅಭ್ಯಾಸವನ್ನು ಈ ವಿಷಯದಲ್ಲಂತೂ ಬಿಡಬೇಕು.

ಗೋಪ್ಯತೆ ಎಂದರೆ ಮೌನವಲ್ಲ. ಗೋಕುಲಂ ಬಡಾವಣೆಗೆ ಹತ್ತಿರ, ಕೆ.ಆರ್.ಎಸ್. ರಸ್ತೆಯಲ್ಲಿರುವ ಕ್ಷಯರೋಗ ಆಸ್ಪತ್ರೆಯನ್ನು ಮೈಸೂರು ಭಾಗದ ಸದಸ್ಯರು ಬಲ್ಲರು. ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಅದಕ್ಕೆ ಇಡಲಾಗಿದೆ. ಮನೆಯಲ್ಲಿ ಕ್ಷಯವಿದೆಯೆಂದರೆ ಹೆಣ್ಣು ಕೊಡದಿದ್ದ ಕಾಲದಲ್ಲಿ ಅರಮನೆಯೇ ತನ್ನ ಮಗಳ ಕಾಯಿಲೆಯನ್ನು ಫಲಕದ ಮೇಲೆ ಬರೆಸಿತು. ಇದೇ ನಗರದಲ್ಲಿ 2004ರಲ್ಲಿ ಲೈಂಗಿಕ ಕಾರ್ಯಕರ್ತರ ನಡುವೆ ಆರಂಭವಾದ ಎಚ್‌ಐವಿ ತಡೆ ಕಾರ್ಯ ಮುಂದೆ ಆಶೋದಯ ಸಮಿತಿ ಎಂಬ ಅವರದೇ ಸಂಘಟನೆಯಾಗಿ ಬೆಳೆಯಿತು. ಅಲ್ಲಿ ಚಿಕಿತ್ಸಾಲಯಕ್ಕೆ ಜನರನ್ನು ಕರೆತಂದದ್ದು ಭಾಷಣಗಳಲ್ಲ. ಅದೇ ಬದುಕನ್ನು ಬಲ್ಲ ಸಹವರ್ತಿಗಳು. ಕುಡಿತ ಬಿಟ್ಟು ಕೆಲವು ವರ್ಷ ಕಳೆದವರು ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಅವರಲ್ಲಿ ಒಪ್ಪುವವರನ್ನು ಹೊಸಬರ ಜೊತೆ ಕಳುಹಿಸಿದರೆ, ಸದಸ್ಯರು ಹೋಗುವುದಕ್ಕಿಂತ ಹೆಚ್ಚು ಪ್ರಯೋಜನವಾಗಬಹುದು.

ಎಲ್ಲಿಗೆ ಕಳುಹಿಸುವುದು, ಏನು ಹೇಳುವುದು

ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಹೊರರೋಗಿ ಸೇವೆಯನ್ನು ಏರ್ಪಡಿಸಲಾಗಿದೆ. ತಮ್ಮ ತಾಲ್ಲೂಕಿನ ದಿನ ಮತ್ತು ಸಮಯವನ್ನು ಸದಸ್ಯರು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಲೈಂಗಿಕ ಸೋಂಕುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್‌ಗಳಿವೆ, ಹದಿಹರೆಯದವರಿಗೆ ಸ್ನೇಹಾ ಕ್ಲಿನಿಕ್‌ಗಳಿವೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವೂ ಚರ್ಮ ಮತ್ತು ಲೈಂಗಿಕ ರೋಗ ವಿಭಾಗವೂ ಒಂದೇ ಸಂಸ್ಥೆಯೊಳಗಿವೆ. ಕೊರತೆ ಇರುವುದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ರೋಗಿಯನ್ನು ದಾಟಿಸುವ ಎರಡು ವಾಕ್ಯಗಳದ್ದು.

ಆ ವಾಕ್ಯಗಳನ್ನು ಆಪ್ತಸಮಾಲೋಚಕರು, ಆಶಾ ಕಾರ್ಯಕರ್ತೆಯರು ಒಬ್ಬರನ್ನೇ ಗುರಿಯಾಗಿಸದೆ ಎಲ್ಲರಿಗೂ ಒಂದೇ ರೀತಿ ಹೇಳಬೇಕು. ಮಾದರಿ ಹೀಗಿರಬಹುದು: ‘ಇಲ್ಲಿಗೆ ಬರುವ ಎಲ್ಲರನ್ನೂ ನಾವು ಕೇಳುತ್ತೇವೆ. ಕೆಳಗಡೆ ತುರಿಕೆ, ಹುಣ್ಣು, ಸ್ರಾವ ಏನಾದರೂ ಇದೆಯೇ? ಇದ್ದರೆ ಔಷಧಿ ಇದೆ, ಅಂಗಡಿಯದು ಹಚ್ಚಬೇಡಿ, ಈಗ ಕುಡಿತ ಬಿಡುತ್ತಿರುವುದರಿಂದ ಕೆಲವು ಔಷಧಿ ನಿಮಗೆ ಅಪಾಯ.’ ಗುಪ್ತಾಂಗ ಎಂಬ ಪದಕ್ಕಿಂತ ಆಯಾ ಊರಿನಲ್ಲಿ ಬಳಕೆಯಲ್ಲಿರುವ, ಅವಮಾನವೆನಿಸದ ಮಾತೇ ಒಳ್ಳೆಯದು. ಪುರುಷರೊಡನೆ ಪುರುಷ ಸಿಬ್ಬಂದಿ, ಮಹಿಳೆಯರೊಡನೆ ಮಹಿಳಾ ಸಿಬ್ಬಂದಿ ಮಾತನಾಡುವಂತೆ ಕೋರಬಹುದು. ಕುಡಿಯುವ ಮಹಿಳೆಯರೂ ಇದ್ದಾರೆ, ಅವರು ಚಿಕಿತ್ಸೆಗೆ ಬರುವುದೇ ಕಡಿಮೆ. ಅವರ ವಿಷಯ ಇನ್ನೊಂದು ಪಾಠಕ್ಕೆ ಸಾಕಾಗುವಷ್ಟಿದೆ.

ಪಂಚಾಯತಿ ಮಟ್ಟದಲ್ಲಿ ಇದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಗೆ ‘ವ್ಯಸನ ಚಿಕಿತ್ಸೆ ಮತ್ತು ಲೈಂಗಿಕ ಆರೋಗ್ಯ ಮಾಹಿತಿ’ ಎಂಬ ಶೀರ್ಷಿಕೆಯಲ್ಲಿ ಸೇರಿಸಬಹುದು. ಪ್ರತ್ಯೇಕ ಅನುದಾನ ಬೇಕಿಲ್ಲ. ಪಂಚಾಯತಿ ಕಚೇರಿ, ಗ್ರಂಥಾಲಯ ಮತ್ತು ಬಸ್ ತಂಗುದಾಣಗಳ ಸೂಚನಾ ಫಲಕದಲ್ಲಿ ನಾಲ್ಕು ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿದರೆ ಕೆಲಸ ಶುರುವಾಗುತ್ತದೆ: ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಎಚ್‌ಐವಿ ಮತ್ತು ಲೈಂಗಿಕ ಸೋಂಕುಗಳ ಮಾಹಿತಿಗೆ 1097, ಆರೋಗ್ಯ ಸಹಾಯವಾಣಿ 104. ಫಲಕವನ್ನು ಜನ ನಿಂತು ಓದಲು ಮುಜುಗರಪಡದ ಜಾಗದಲ್ಲಿ, ಸಾಧ್ಯವಾದರೆ ಬಸ್ಸಿನ ವೇಳಾಪಟ್ಟಿಯ ಪಕ್ಕದಲ್ಲೇ ಹಾಕಿಸುವುದು ಒಳಿತು. ಅಲ್ಲಿ ನಿಂತವರು ಏನನ್ನು ಓದುತ್ತಿದ್ದಾರೆಂದು ಯಾರಿಗೂ ತಿಳಿಯುವುದಿಲ್ಲ.

ಪಂಚಾಯತಿ ಅಭಿವೃದ್ಧಿ ಅಧಿಕಾರಿ
(ಗೋಕುಲಂ, ಮೈಸೂರು)